ರಾಣಿಬಾಗಿನ ಐತವಾರಗಳು

ಹನಿ ದಪ್ಪಗಾದವು, ಎದುರಿಂದ ಬಂದ ಪಾರಸಿ ಮುದುಕ ದಾಟಿ ಹೋದವನು ತಿರುಗಿ ನೋಡಿದ, ಬೆಂಚಿನ ಮೇಲೆ ಕೂತು, ತೊಡೆಯ ಮೇಲೆ ಕೊಡೆ ಇಟ್ಟುಕೊಂಡೇ ನೆನೆಯುತ್ತಾಳಲ್ಲ ಈ ಹೆಂಗಸು ಅಂದುಕೊಂಡಿರಬೇಕು, ಅಂದುಕೊಳ್ಳಲಿ, ರುದ್ರವ್ವನಿಗೆ ಕೊಡೆ ಬಿಚ್ಚಲು ಕೈಯೇ ಬರುತ್ತಿಲ್ಲ, ಗಂಡನಿಗೆಂದು ಇದನ್ನು ಈಗಷ್ಟೇ ಹುಲಿಯ ಪಂಜರದವರೆಗೆ ಹೊತ್ತೊಯ್ದಿದ್ದಳು, ಮುರಿಗೆಪ್ಪನಿಗೆ ಮಳೆ ಆಗದು, ನೆನೆದರೆ ವಾರಗಟ್ಟಲೆ ಕೆಮ್ಮು, ಗೋಡೆಯಾಚೆಯ ದಾನವ್ವ ಕೂಗಿ ಕೇಳುತ್ತಾಳೆ, ಕಷಾಯ ಕೊಟ್ಟೀಯೇನ ರುದ್ರಿ — ಹುಲಿಯ ಮುಂದೆ ಅವನಿರಲಿಲ್ಲ, ಆನೆ ಸವಾರಿಯ ಕಟ್ಟೆಯ ಹತ್ತಿರ ಇದ್ದ, ಕೆಂಪು ರಾಡಿಯಲ್ಲಿ ಮೊಣಕಾಲೂರಿ, ಬಿಳಿ ಧೋತರದಲ್ಲಿ, ಪುಟ್ಟ ಹುಡುಗಿಯೊಬ್ಬಳ ಬೂಟಿನ ಲೇಸು ಕಟ್ಟುತ್ತಿದ್ದ — ಬೇಡ, ಅದು ಬೇಡ, ಬೇರೆ ಏನಾದರೂ ನೆನೆಸಿಕೊಳ್ಳಬೇಕು.

ಬೇರೆ ಏನು, ಗಿಡಗಳು, ಈ ತೋಟ ಅವಳಿಗೆ ಸಿಕ್ಕಿದ್ದೇ ಅವನಿಂದ, ಬೈಲಹೊಂಗಲದಿಂದ ಮದುವೆಯಾಗಿ ಬಂದ ಹೊಸತು, ಪರೇಲಿನ ಚಾಳು, ಒಂದೇ ಖೋಲಿ, ಕಿಟಕಿ ತೆರೆದರೆ ಗಿರಣಿಯ ಹೊಗೆ, ಅತ್ತಿದ್ದಳು, ಆಗ ಅವನೇ, ನಡಿ, ಅಳಬ್ಯಾಡ, ನಿನಗ ಗಿಡಾ ತೋರಸ್ತೀನಿ ಅಂದು ಟ್ರಾಮಿನಲ್ಲಿ ಕೂರಿಸಿಕೊಂಡು ಬಂದಿದ್ದ, ಅಂದಿನಿಂದ ಐತವಾರ ಎಂದರೆ ಹುಲಿ ಆನೆಗಳೂ ಇರುವ ಈ ರಾಣಿಬಾಗ್, ಮಾಗಿಯಲ್ಲಿ ಇಬ್ಬನಿ ಹೊತ್ತ ಸೇವಂತಿಯ ಮಡಿಗಳು, ಶಿವರಾತ್ರಿಯ ಹೊತ್ತಿಗೆ ಎಲೆಯೆಲ್ಲ ಉದುರಿದ ಬೂರುಗದ ತುಂಬ ಕೆಂಪು ಹೂ, ಕಾಗೆಗಳ ಗಲಾಟೆ, ವೈಶಾಖದಲ್ಲಿ ಈ ನಾಗಲಿಂಗದ ಮರ, ಬಿದ್ದ ಹೂವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಪೂಜೆಗಿಟ್ಟರೆ ಖೋಲಿಯೆಲ್ಲ ವಾಸನೆ, ಶ್ರಾವಣದಲ್ಲಿ ಹಸಿರು ಎಷ್ಟು ದಟ್ಟವೆಂದರೆ ಊರೇ ಮರೆತುಹೋಗುತ್ತಿತ್ತು — ಮತ್ತು ಪ್ರತಿ ಸಲ, ಪ್ರತಿ ಋತುವಿನಲ್ಲಿ, ಅವಳನ್ನು ಇದೇ ಬೆಂಚಿನ ಮೇಲೆ ಕೂರಿಸಿ, ನೀ ಇಲ್ಲೇ ಕೂಡು, ನಾ ಒಂದೀಟು ಹುಲಿ ನೋಡಿ ಬರ್ತೀನಿ. ಎಷ್ಟು ಹೊತ್ತಾದರೂ ಅವಳಿಗೆ ಬೇಸರವಿಲ್ಲ, ಹೂ ಇವೆಯಲ್ಲ, ನಮ್ಮವರಿಗೆ ಹುಲೀ ಹುಚ್ಚರಿ, ಸಣ್ಣ ಹುಡುಗರ ಗತೆ ಎಂದು ದಾನವ್ವನ ಮುಂದೆ ನಕ್ಕಿದ್ದಳಲ್ಲ, ಹೆಮ್ಮೆಯಿಂದ ನಕ್ಕಿದ್ದಳು. ಮಕ್ಕಳಾಗಲಿಲ್ಲವೆಂದು ಕಣ್ಣೀರು ಹಾಕಿದಾಗ ಏನೆಂದ, ಹೋಗಲಿ ಬಿಡು, ನಾವಿಬ್ಬರು, ಈ ಗಿಡಗೋಳು, ಸಾಕಲ್ಲ, ಎಂದ, ಇಂಥ ಗಂಡ ಯಾರಿಗುಂಟು ಎಂದು ಅವಳು ಇನ್ನಷ್ಟು ಅತ್ತಳು.

ಬಾಬಾ, ಘಟ್ಟ ಬಾಂಧಾ, ಎಂದಿತು ಆ ಕೂಸು, ಗಟ್ಟಿಯಾಗಿ ಕಟ್ಟಪ್ಪಾ ಎಂದು, ಅಷ್ಟು ಮರಾಠಿ ಅವಳಿಗೀಗ ಬರುತ್ತದೆ, ಬಾರದಿದ್ದರೆ ಒಳ್ಳೆಯದಿತ್ತು, ಮನೆಯಲ್ಲಿ ಬಿದ್ದ ಲೋಟ ಬಗ್ಗಿ ಎತ್ತದವನು ರಾಡಿಯಲ್ಲಿ ಮೊಣಕಾಲೂರಿದ್ದ, ಮಗ್ಗುಲಲ್ಲಿ ಒಂಬತ್ತು ಗಜದ ಸೀರೆಯವಳು ಅವನ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದಳು, ಅವನಿಗೆ ಕೊಡೆ ಇತ್ತು, ಇವಳದು ಬೇಕಾಗಿರಲೇ ಇಲ್ಲ. ಕೂಸಿಗೆ ರುದ್ರವ್ವನ ಸಂಸಾರದಷ್ಟೇ ವಯಸ್ಸು, ಅಂದರೆ ಮೊದಲ ಐತವಾರಕ್ಕೂ ಮುಂಚೆಯೇ ಆ ಸೀರೆಯವಳು ಇದ್ದಳು, ಅಂದರೆ ಅವಳ ಅಳು ನಿಲ್ಲಿಸಲೆಂದು ಬಂದದ್ದಲ್ಲ, ಅವನು ಬರಲೇಬೇಕಿತ್ತು, ಮನೆಯಲ್ಲಿ ಬಿಟ್ಟು ಬಂದರೆ ಕೇಳುತ್ತಾಳೆಂದು ಜೊತೆಗೆ ಕರೆತಂದ, ಬೆಂಚಿನ ಮೇಲೆ ಇಟ್ಟ, ಇವಳು ಗಿಡ ನೋಡಿದಳು, ಅಷ್ಟು ವರ್ಷದ ಬೂರುಗ, ಅಷ್ಟು ಸೇವಂತಿ, ಒಂದನ್ನೂ ಇನ್ನು ತನ್ನದೆನ್ನುವಂತಿಲ್ಲ, ದೇವರಿಗಿಟ್ಟ ಹೂವನ್ನೂ —

ಬಂದ, ಶೇಂಗಾದ ಪೊಟ್ಟಣ ಹಿಡಿದು ಬರುತ್ತಿದ್ದಾನೆ, ಮಳೆ ಈಗ ಸಣ್ಣಗಾಗಿದೆ, ಅವನ ತಲೆ ನೆನೆದೇ ಇಲ್ಲ. ಕೊಡಿ ಇದ್ದೂ ತೊಯ್ಸಿಕೊಂಡು ಕೂತೀಯಲ್ಲ, ಹುಚ್ಚಿ? ಹುಲಿ ಇವತ್ತ ಹೊರಗ ಬರಲೇ ಇಲ್ಲ ನೋಡು. ಅವಳು ಮುಖ ನೋಡಲಿಲ್ಲ, ಧೋತರ ನೋಡಿದಳು. ಮೊಣಕಾಲಿಗೆ ರಾಡಿ ಆಗೇತ್ರಿ. ಹೂಂ, ಜಾರಿ ಬಿದ್ನಿ, ಅಂದ. ಬೂಟಿನ ಲೇಸು ಘಟ್ಟ ಕಟ್ಟಿದ್ರಿಲ್ಲೋ?

ಪೊಟ್ಟಣ ಅವನ ಕೈಯಲ್ಲೇ ವಾಲಿತು, ಶೇಂಗಾ ಒಂದೊಂದೇ ಹುಲ್ಲಿಗೆ ಬಿದ್ದವು, ರುದ್ರವ್ವಾ ಎಂದ, ಇನ್ನೇನೋ ಅಂದ, ತುಟಿ ಅಲುಗುವುದು ಕಾಣುತ್ತಿದೆ, ಮಾತು ಕೇಳಿಸುತ್ತಿಲ್ಲ, ಮನೆಗೆ ಹೇಗೆ ಹೋಗುವುದು, ಯಾವ ಮನೆಗೆ, ದಾನವ್ವನಿಗೆ ಏನು ಹೇಳುವುದು, ಬಿಳಿ ಧೋತರ, ಕೆಂಪು ರಾಡಿ, ಊರಿದ ಮೊಣಕಾಲು, ಬಗ್ಗಿದ ತಲೆ, ಬೆರಳುಗಳ ನಡುವೆ ಸಣ್ಣ ಲೇಸಿನ ಗಂಟು, ಮೆತ್ತಗೆ, ನೋಯದ ಹಾಗೆ, ಬಿಗಿಯುತ್ತ, ಬಿಗಿಯುತ್ತ