ಸೊಲ್ಲಾಪುರದ ಮೂರು ತಿಂಗಳು

"ನಿಂದ್ರು ಸರುಬಾಯಿ, ದಂಡಿ ಕಟ್ಟಬ್ಯಾಡ."

ಗೋಡೆಗೆ ಒರಗಿಸಿ ಕೂರಿಸಿದ್ದ ಕಸ್ತೂರಿಬಾಯಿಯ ಹೆಣದ ಹಣೆಯವರೆಗೆ ಬಂದಿದ್ದ ಹೂವಿನ ದಂಡಿ ನೆರೆಮನೆಯ ಸರುಬಾಯಿಯ ಕೈಯಲ್ಲೇ ನಿಂತಿತು. ತಡೆದವಳು ಮುಕ್ತಾಬಾಯಿ, ಸತ್ತವಳ ತಂಗಿ ಮಾಣಿಕಮ್ಮನ ಅತ್ತೆ. ಸೊಸೆಯ ಜೊತೆ ಬಸವಕಲ್ಯಾಣದಿಂದ ಬೆಳಗಿನ ಬಸ್ಸಿಗೆ ಹುಮನಾಬಾದಿಗೆ ಬಂದಿದ್ದಳು. ಲಗ್ನವಾಗದೆ ಸತ್ತ ಹೆಣ್ಣಿಗೆ ಅರಿಶಿನ ಹಚ್ಚಿ, ಮದುಮಗಳ ದಂಡಿ ಕಟ್ಟಿ, ಒಂದು ಸೋಬಾನೆ ಹಾಡಿ ಮಣ್ಣಿಗೆ ಕಳಿಸುವುದು ಈ ಮನೆತನದ ರೂಢಿ.

"ಯಾಕ್ರಿ ಯವ್ವಾ? ಲಗ್ನ ಆಗದಾಕಿ ಎಷ್ಟು ವಯಸ್ಸಾದ್ರೂ ಕನ್ಯಾನ ಅಲ್ಲೇನ್ರಿ?" ಎಂದಳು ಸರುಬಾಯಿ.

"ಕನ್ಯಾ!" ಮುಕ್ತಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಸೊಲ್ಲಾಪುರದ ದವಾಖಾನಿಗೆ ಹೋಗಿ ಕೇಳು. ಮೂರು ತಿಂಗಳ ಮಲಗಿದ್ಲಲ್ಲ, ಯಾವ ಬ್ಯಾನಿ ಅಂತ ಯಾರರೆ ಹೇಳಿದ್ರೇನು? ಯಾವ ಹೊಟ್ಟಿಬ್ಯಾನಿ ಅಂತ ನಾವ ತಿಳ್ಕೊಂಡ್ವಿ."

ಮೂಲೆಯಲ್ಲಿ ಯಾರೋ ಕಿಸಕ್ಕನೆ ನಕ್ಕು, ಅದನ್ನು ಕೆಮ್ಮಾಗಿ ಮಾಡಿದರು.

ಮಾಣಿಕಮ್ಮ ಅರಿಶಿನದ ಬಟ್ಟಲು ಹಿಡಿದು ತಲೆ ತಗ್ಗಿಸಿದಳು. ಅಂಗಳದಲ್ಲಿ ಗಂಡಸರ ಭಜನೆ ನಡೆದಿತ್ತು. ಕಿಟಕಿಯ ಆಚೆ, ಕಟ್ಟೆಯ ಮೇಲೆ, ಮುಡಬಿಯ ಸೋನುಬಾಯಿ ಕೂತಿದ್ದಳು. ಮಾಣಿಕಮ್ಮನ ಮಗಳನ್ನು ತನ್ನ ಮಗನಿಗೆ ಕೇಳಿದ್ದವಳು, ಬರುವ ತಿಂಗಳು ನಿಶ್ಚಯ. ಕಣ್ಣು ಭಜನೆಯ ಕಡೆಗಿದ್ದರೂ ಅವಳ ಕಿವಿ ಒಳಗೇ ಇತ್ತು.

*

ಇಸವಿ ಅರವತ್ತೊಂಬತ್ತರ ಬೇಸಿಗೆ. ಪುಣೆಯಲ್ಲಿ ಭಾಷಾಶಾಸ್ತ್ರ ಓದಿ ಬಂದು ಸಾಲೆಯಲ್ಲಿ ಕಲಿಸುತ್ತಿದ್ದ ಕಸ್ತೂರಿಗೆ, ಅಲ್ಲಿ ಪಾಠ ಹೇಳಿದ್ದ ಪರದೇಶದ ಪ್ರೊಫೆಸರರೊಬ್ಬರಿಂದ ಕರೆ ಬಂತು. ಗ್ವಾಟೆಮಾಲಾ ಎಂಬ ದೇಶದ ಗುಡ್ಡದ ಊರಿನಲ್ಲಿ, ಮಾಯಾ ಜನರ ಮನೆಯಲ್ಲಿ ಮೂರು ತಿಂಗಳಿದ್ದು, ಬೇರೆ ಮಾತೇ ಆಡದೆ, ಅವರ ಕಿಚೆ ಭಾಷೆ ಕಲಿಯಬೇಕು. ಖರ್ಚೆಲ್ಲ ಅವರದೇ.

ಅಪ್ಪ ಬಸವಣಪ್ಪ ಹಿಗ್ಗಿದ. ಅದೇ ವಾರ ಮಾಣಿಕಳಿಗೆ ಬಸವಕಲ್ಯಾಣದ ಸಂಬಂಧ ಬಂತು.

"ಹರೇದ ಹುಡುಗಿ ಗುರುತಿಲ್ಲದವರ ಮನ್ಯಾಗ ಒಬ್ಬಾಕಿ ಇರ್ತಾಳ ಅಂದ್ರ ಅವರು ಹೊಸ್ತಿಲಾ ತುಳಿಯಂಗಿಲ್ಲ," ಎಂದ. "ಪ್ರಕೃತಿ ಸರಿ ಇಲ್ಲ, ಸೊಲ್ಲಾಪುರದ ದವಾಖಾನ್ಯಾಗ ಇಟ್ಟೇವಿ ಅನ್ರಿ."

ಬೇನೆ ಅಂದರೆ ಜನ ಅಯ್ಯೋ ಅನ್ನುತ್ತಾರೆ ಎಂದುಕೊಂಡಿದ್ದ. ಲಗ್ನವಾಗದ ಹೆಣ್ಣಿನ ಮೂರು ತಿಂಗಳ ಬೇನೆಗೆ ಜನ ಏನೆನ್ನುತ್ತಾರೆಂದು ಗೊತ್ತಾಗುವಷ್ಟರಲ್ಲಿ ಮಾಣಿಕಳ ಮೇಲೆ ಅಕ್ಕಿಕಾಳು ಬಿದ್ದಿತ್ತು. ಕಸ್ತೂರಿಯನ್ನು ಮತ್ತಾರೂ ಕೇಳಿ ಬರಲಿಲ್ಲ.

ತಿರುಗಿ ಬಂದ ಅಕ್ಕ ಅಡಿಗೆಮನೆಯಲ್ಲಿ ತಂಗಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಬೆರಳ ತುದಿಗಳಲ್ಲಿ ಹಂಚಿನ ಸುಟ್ಟ ಗುರುತು.

"ಅಲ್ಲಿ ಗೋವಿನಜ್ವಾಳ ಸುಣ್ಣದ ನೀರಾಗ ಕುದಿಸಿ ರೊಟ್ಟಿ ಬಡೀತಾರ, ಮಾಣಿಕಾ. ನಾ ನಮ್ಮಂಗ ಅಗಲ ಬಡದ್ರ ಆ ಮನಿ ಮುದುಕಿ ಏನೋ ಅಂದ್ಲು, ಎಲ್ಲಾರೂ ಬಿದ್ದು ಬಿದ್ದು ನಕ್ರು. ಭಾಳ ದಿನದ ಮ್ಯಾಲ ತಿಳೀತು. 'ಇದು ತಿನ್ನೋದೋ, ಹೊದಿಯೋದೋ' ಅಂದಿದ್ಲಂತ! ತಿಳಿದ ದಿವಸ ನಾ ಒಬ್ಬಾಕೀನ ಕುಂತು ನಕ್ಕೆ. ತಡಿ, ಅವರ ಮಾತಿನ್ಯಾಗ ಹೇಳ್ತೀನಿ..."

ಮಾಣಿಕ ಹಿಟ್ಟಿನ ಕೈಯನ್ನು ಅಕ್ಕನ ಬಾಯಿಗೆ ಒತ್ತಿದಳು.

"ನಿನ್ನ ಕಾಲಿಗೆ ಬೀಳ್ತೀನಿ ಅಕ್ಕಾ. ಬೀಗರ ಮಂದಿ ಹೊರಗ ಕುಂತಾರ."

ಅಕ್ಕ ಆ ಕೈಯನ್ನು ಸರಿಸಲಿಲ್ಲ. ಕಣ್ಣಲ್ಲೇ ಹೂಂ ಅಂದಳು. ಮುಂದೆ ಎಂದೂ ಆ ಮಾತು ತೆಗೆಯಲಿಲ್ಲ. ಮಾಣಿಕಮ್ಮನ ಮಗಳ ತೊಟ್ಟಿಲಿಗೆ ಕೈ ಹಾಕಹೋದಾಗ ಮುಕ್ತಾಬಾಯಿ, "ನೀ ಬ್ಯಾಡ ತಗೋ," ಎಂದಿದ್ದಳು. ಅಕ್ಕ ಹಿಂದೆ ಸರಿದು ಕೊಬ್ಬರಿ ಹೆರೆಯತೊಡಗಿದಳು. ಮಾಣಿಕಮ್ಮ ತೊಟ್ಟಿಲ ಹಗ್ಗವನ್ನೇ ನೋಡುತ್ತ ನಿಂತಿದ್ದಳು.

*

"ಅತ್ತೀ," ಎಂದಳು ಮಾಣಿಕಮ್ಮ. "ಅಕ್ಕ ಸೊಲ್ಲಾಪುರಕ್ಕ ಹೋಗಿರಲಿಲ್ರಿ."

"ಮತ್ತೆಲ್ಲಿಗೆ?"

"ಪರದೇಶಕ್ಕ. ಅಲ್ಲಿ ಮಾಯಾ ಮಂದಿ ಅಂತ ಅದಾರ್ರಿ. ಅವರ ಮಾತು ಕಲಿಯಾಕ."

ಮೂಲೆಯಲ್ಲಿ ನಕ್ಕವಳು, "ಕಲ್ತು ಬಂದು ಯಾರ ಸಂಗಾಟ ಮಾತಾಡಾಕಿದ್ಲು, ಹುಮನಾಬಾದ ಸಂತ್ಯಾಗ ಬದನೀಕಾಯಿ ಮಾರಾಕಿ ಸಂಗಾಟ?" ಅಂದಳು. ಹೆಣದ ಮುಂದೆ ಎಂಬುದನ್ನೂ ಮರೆತು ಹೆಂಗಸರು ನಕ್ಕರು.

"ಸತ್ತಾಕಿ ಮಾನ ಮುಚ್ಚಾಕ ಎಂಥಾ ಸುಳ್ಳು ಹೆಣದಿ!" ಎಂದಳು ಮುಕ್ತಾಬಾಯಿ. "ಖರೇ ಇದ್ರ ಆ ಮಾತಿನ್ಯಾಗ ಒಂದು ಅಂದು ತೋರಸು. ನೀರು ಅನ್ನು. ಅವ್ವ ಅನ್ನು."

ಮಾಣಿಕಮ್ಮ ಬಾಯಿ ತೆರೆದಳು. ನಾಲಿಗೆಯ ಮೇಲೆ ಏನೂ ಇರಲಿಲ್ಲ. ಅಂದು ಅಕ್ಕನ ಬಾಯಿ ಮುಚ್ಚದೆ ಕೇಳಿಸಿಕೊಂಡಿದ್ದರಲ್ಲವೇ ಇರುವುದು?

"ಬರಂಗಿಲ್ರಿ," ಎಂದಳು.

"ಹಾಂ!"

ಸರುಬಾಯಿ ಮೆಲ್ಲಗೆ ದಂಡಿಯನ್ನು ತಾಟಿನಲ್ಲಿಟ್ಟು ಹಿಂದೆ ಸರಿದಳು. ಸತ್ಯಕ್ಕಿಂತ ಆ ಸುಳ್ಳಿಗೇ ಈ ಮನೆಯಲ್ಲಿ ಹೆಚ್ಚು ಮಂದಿ ಸಾಕ್ಷಿಗಳಿದ್ದರು.

"ದವಾಖಾನಿ ಸುಳ್ಳು ಹೇಳಿದವರು ನಾವ್ರಿ," ಎಂದಳು ಮಾಣಿಕಮ್ಮ. ದನಿ ಕಿಟಕಿ ದಾಟಿ ಸೋನುಬಾಯಿಯ ಕಿವಿಗೂ ಬಿತ್ತೆಂದು ಅವಳಿಗೆ ಗೊತ್ತಿತ್ತು. "ನಾ ನಿಮ್ಮ ಮನಿ ತುಂಬಲಿಕ್ಕ ಹೇಳಿದ್ವಿ. ನನಗ ಗೊತ್ತಿತ್ತು. ನೀವು ಅಂದಿದ್ದೆಲ್ಲ ಕೇಳ್ಕೋತ ಸುಮ್ಮನ ಕುಂತೆ."

ಅವಳೇ ದಂಡಿ ಎತ್ತಿ ಅಕ್ಕನ ಹಣೆಗೆ ಹಿಡಿದಳು. ತಣ್ಣಗಿನ ಕೂದಲಲ್ಲಿ ಗಂಟು ನಿಲ್ಲಲಿಲ್ಲ. ಬಿಚ್ಚಿ ಮತ್ತೆ ಕಟ್ಟಿದಳು. ಸೋಬಾನೆಗೆ ಯಾರಾದರೂ ಮೊದಲ ನುಡಿ ಎತ್ತಬೇಕು. ಯಾರೂ ಎತ್ತಲಿಲ್ಲ. ನಾಲ್ಕು ಜನರ ನಡುವೆಯೂ ದನಿ ಕೂಡಿಸಲು ನಾಚುತ್ತಿದ್ದ ಮಾಣಿಕಮ್ಮ ಒಬ್ಬಳೇ ಶುರುಮಾಡಿದಳು. ಶ್ರುತಿ ತಪ್ಪಿತು, ನುಡಿ ಮರೆಯಿತು, ಮೊದಲ ಸಾಲನ್ನೇ ಮತ್ತೆ ಹಿಡಿದಳು.

ಸಾವಿನ ಮನೆಯಿಂದ ಮದುವೆಯ ಹಾಡು ಒಂಟಿಯಾಗಿ ಬಂದದ್ದು ಕೇಳಿ ಅಂಗಳದಲ್ಲಿ ತಾಳಗಳು ನಿಂತವು. ಕಟ್ಟೆಯ ಮೇಲಿದ್ದ ಸೋನುಬಾಯಿ ಹೊರಡಲು ಎದ್ದಳು. ಒಳಗೆ ಹಾಡುತ್ತಿದ್ದವಳಿಂದ ಕಣ್ಣು ಕೀಳದೆ, ಒಂದು ಕಾಲಿನಿಂದ ತಡಕಾಡುತ್ತ ತನ್ನ ಚಪ್ಪಲಿ ಹುಡುಕತೊಡಗಿದಳು.