ಮಣೆಯ ಮೇಲೆ ಕೂತ ವೂಫರ್

ಮೆಟ್ಟೂರಿನ ಮಾದೇಶ್ ಸೇಲಂನಿಂದ ತಗ್ಗಿನ ನಾದ ಹೊರಡಿಸುವ ಸಬ್‌ವೂಫರ್ ಪೆಟ್ಟಿಗೆ ತಂದದ್ದು ಸಿನಿಮಾದ ಆಸೆಗಲ್ಲ. ತೀರಿಹೋದ ಅಪ್ಪ ಭಜನೆಯಲ್ಲಿ ಮದ್ದಲೆ ನುಡಿಸಿದ್ದ ಕ್ಯಾಸೆಟ್ಟೊಂದು ಮನೆಯಲ್ಲಿತ್ತು. ಇದ್ದ ಸೆಟ್ಟಿನಲ್ಲಿ ಬಲಗೈಯ ಟಕಟಕ ಮಾತ್ರ ಕೇಳುತ್ತಿತ್ತು, ಎಡಗೈಯ ಗುಂ ಎನ್ನುವ ನಾದ ಎಲ್ಲೋ ಅಡಗಿತ್ತು. ಅದನ್ನು ಅವ್ವನಿಗೆ ಕೇಳಿಸಬೇಕಿತ್ತು. ಅಂಗಡಿಯಲ್ಲಿ ಅದೇ ಕ್ಯಾಸೆಟ್ ಹಾಕಿಸಿ, ಥಳಕಿನ ಚಿಕ್ಕ ಪೆಟ್ಟಿಗೆ ಬಿಟ್ಟು, ತೂಕದ ದೊಡ್ಡದನ್ನೇ ಆರಿಸಿದ. ನೆಲದ ಮೇಲೆ, ಗೋಡೆಯ ಮೂಲೆಗೆ ಇಡಬೇಕೆಂದು ಅಂಗಡಿಯವನು ಹೇಳಿ ಕಳಿಸಿದ್ದ.

ಮನೆಯಲ್ಲಿ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ನೋಡಿ ವೈರು ಸಿಕ್ಕಿಸಿ, ಪೆಟ್ಟಿಗೆಯನ್ನು ಮೂಲೆಗೆ ತಳ್ಳುವಷ್ಟರಲ್ಲಿ ಅವ್ವ ರಾಮಕ್ಕ ಅಡ್ಡ ಬಂದಳು.

"ಹಾಡೋ ಪೆಟ್ಗೆ ಸರಸ್ವತಿ ಕಣ್ಲಾ. ಕಾಲು ತಾಗೋ ಜಾಗದಾಗೆ ಇಕ್ತೀಯಾ? ಮೇಲಿಕ್ಕು."

ಮೇಜಿನ ಮೇಲಿಟ್ಟು ಕ್ಯಾಸೆಟ್ ಹಾಕಿದ. ಸದ್ದು ಬಂತು, ಆದರೆ ಎಡಗೈಯ ನಾದ ಅರೆಬರೆ.

"ಇಷ್ಟಕ್ಕಾ ಸೇಲಂಗೆ ಓಗಿದ್ದೆ?"

"ಅದಕ್ಕೆ ನೆಲ ಬೇಕಂತೆ ಕಣವ್ವಾ. ನೀನು ಬಿಡಾಕಿಲ್ಲ."

ರಾಮಕ್ಕ ಕೊಂಚ ಯೋಚಿಸಿ, ಒಳಗಿನಿಂದ ಊಟದ ಮಣೆ ತಂದು ಮೂಲೆಗೆ ಹಾಕಿದಳು.

"ಈಗ ಕುಂಡ್ರುಸು. ಮನೆಗೆ ಬಂದ ನೆಂಟ್ರಿಗೂ ಇದೇ ಮರ್ಯಾದೆ."

ಈ ಸಲ ಎಡಗೈ ತುಂಬಿಕೊಂಡು ಬಂತು. ನೆಲ ಮೆಲ್ಲಗೆ ಅದುರಿತು. ರಾಮಕ್ಕ ಗೋಡೆಗೊರಗಿ, ಅಂಗೈಯನ್ನು ನೆಲಕ್ಕೂರಿ ಕೂತವಳು ಹಾಡು ಮುಗಿಯುವವರೆಗೆ ಕೈ ಎತ್ತಲಿಲ್ಲ.

"ನಿಮ್ಮಪ್ಪನೇ ಕಣ್ಲಾ," ಎಂದಳು. "ಆ ಅಂಗಡಿ ಕಡೆಕಾರನ ಮಕ್ಳುಮರಿ ಚೆನ್ನಾಗಿರ್ಲಿ. ನೀನೂ ಚೆನ್ನಾಗಿರು."

ಮಾದೇಶನಿಗೆ ಅವ್ವ ಮಣೆ ತಂದದ್ದೇ ದೊಡ್ಡ ಉಪಕಾರವಾಗಿತ್ತು. ಕ್ಯಾಸೆಟ್ ತೆಗೆದು, ಇನ್ನೊಂದು ಬದಿ ತಿರುಗಿಸಿ ಹಾಕಿದ.