ಹಂದಿಬಂಡೆಯಿಂದಾಚೆ

ಹಸುಗಳ ಹಾಲು ಕರೆದು ಮುಗಿಸಿ, ಡಿಂಪ್ನಾ ತನ್ನ ಅಕ್ಕ ನೂಲಾಳನ್ನು ಕಾರಿನಲ್ಲಿ ಕೂರಿಸಿಕೊಂಡು ಕಡಲಿಗೆ ಬಂದಳು. ಡೊನೆಗಾಲ್ ಸೀಮೆಯ ಜನವರಿ. ದನ ಮೇಯುವ ಬಯಲಿನ ಹುಲ್ಲೆಲ್ಲ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು.

ಅಕ್ಕನಿಗೆ ಮರೆವಿನ ಕಾಯಿಲೆ. ಮನೆಯಲ್ಲಿದ್ದಾಗ ಡಿಂಪ್ನಾ ಅವಳ ಪಾಲಿಗೆ ಯಾರೋ ಕೆಲಸದ ಹೆಂಗಸು. ತಣ್ಣನೆಯ ಕಡಲಲ್ಲಿ ಈಜಿ ಬಂದರೆ ಮಾತ್ರ ಸ್ವಲ್ಪ ಹೊತ್ತು ಅವಳು ಹಳೆಯ ನೂಲಾ ಆಗುತ್ತಿದ್ದಳು, ತಂಗಿಯನ್ನು ಹೆಸರು ಹಿಡಿದು ಬಯ್ಯುತ್ತಿದ್ದಳು. ಆ ಬೈಗುಳಕ್ಕಾಗಿಯೇ ಡಿಂಪ್ನಾ ಚಳಿಗಾಲವಿಡೀ ಬರುತ್ತಿದ್ದಳು.

ದೋಣಿ ನಿಲ್ಲುವ ಧಕ್ಕೆಯ ಮೇಲೆ ಏಡಿ ಹಿಡಿಯುವ ಬುಟ್ಟಿಗಳನ್ನು ಜೋಡಿಸುತ್ತಿದ್ದ ಕ್ಯಾಥಲ್ ತಲೆಯೆತ್ತಿದ. "ಇವತ್ತು ಸೀಲು ಪ್ರಾಣಿಗಳೂ ನೀರಿಗಿಳಿದಿಲ್ಲ ಕಣ್ರಮ್ಮಾ. ನಿಮ್ಗೇನು ಹುಚ್ಚಾ?"

"ನೀನು ನೀರು ಮುಟ್ಟಿ ಎಷ್ಟು ಕಾಲ ಆಯ್ತೋ ಮಾರಾಯ? ಗಾಳಿ ನಿನ್ನ ಕಡೆಯಿಂದ್ಲೇ ಬೀಸ್ತಿದೆ," ಎಂದಳು ಡಿಂಪ್ನಾ.

ನೀರಿಗೆ ಸೊಂಟದವರೆಗೆ ಇಳಿಯುವಷ್ಟರಲ್ಲಿ ಇಬ್ಬರ ಉಸಿರೂ ಗಂಟಲಲ್ಲೇ ಸಿಕ್ಕಿಕೊಂಡಿತು. ತುರಿಕೆ ಸೊಪ್ಪಿನಿಂದ ಮೈಯೆಲ್ಲ ಉಜ್ಜಿದಂತೆ ಉರಿ.

"ಅಯ್ಯೋ ಬ್ರಿಜಿಡ್ ತಾಯೀ! ಯಾವ ಮುಂಡೇದು ನನ್ನನ್ನ ಕೊಲ್ಲೋಕೆ ಕರ್ಕೊಂಡು ಬಂದಿದ್ದು!" ಎಂದು ನೂಲಾ ಚೀರಿ, ಗಹಗಹಿಸಿ ನಕ್ಕು, ನೀರಿಗೆ ಎದೆಕೊಟ್ಟಳು. ನಿಧಾನಕ್ಕೆ ಉರಿ ಕರಗಿತು. ಎಲುಬಿನೊಳಗೆ ಒಲೆ ಹೊತ್ತಿಸಿದಂತೆ ಒಂದು ಸುಖ ಕೈಕಾಲಿಗೆಲ್ಲ ಹರಡಿತು.

ಚಳಿಗಾಲದಲ್ಲಿ ಕೊಲ್ಲಿಯ ನಡುವೆ ತೇಲುವ ಕಿತ್ತಳೆ ಬಣ್ಣದ ಗುರುತಿನ ಗುಂಡಿನ ಹತ್ತಿರವೇ ವಾಪಸ್ ತಿರುಗಬೇಕು, ಅದಕ್ಕೂ ಆಚೆ ಕೊಲ್ಲಿಯ ಬಾಯಲ್ಲಿರುವ ಹಂದಿಬಂಡೆಯವರೆಗಿನ ಈಜು ಬೇಸಿಗೆಗೆ ಮಾತ್ರ ಎಂಬುದು ಅಲ್ಲಿಯ ಈಜುಗಾರರ ಕಟ್ಟಳೆ. ಕ್ರಿಸ್ಮಸ್‌ನಿಂದೀಚೆಗೆ ಡಿಂಪ್ನಾ ಅದನ್ನು ಮುರಿದಿದ್ದಳು. ನೀರಿನಲ್ಲಿ ಹೆಚ್ಚು ಹೊತ್ತು ಇದ್ದಷ್ಟೂ ಅಕ್ಕ ಹೆಚ್ಚು ಹೊತ್ತು ಸಿಗುತ್ತಾಳೆ ಎಂಬ ಆಸೆ.

ಇವತ್ತೂ ಡಿಂಪ್ನಾ ಬಂಡೆ ಮುಟ್ಟಿ ತಿರುಗಿದಳು. ಹಿಂದೆ ಅಕ್ಕ ಬರುತ್ತಿರುವ ಸದ್ದಿರಲಿಲ್ಲ. ನೂಲಾ ಬಂಡೆ ದಾಟಿ, ತೆರೆದ ಕಡಲಿನತ್ತ ಹಾಯಾಗಿ ಈಜುತ್ತಿದ್ದಳು, ಹುಡುಗಿಯ ಹಾಗೆ. ಕೂಗಿದರೆ ತಿರುಗಲಿಲ್ಲ. ಡಿಂಪ್ನಾ ಬೆನ್ನತ್ತಿ ಹೋಗಿ ಅವಳ ಈಜುಡುಗೆಯ ಹೆಗಲಪಟ್ಟಿ ಹಿಡಿದು ಎಳೆದು ತಂದಳು. ಕೊನೆಗೆ ಕ್ಯಾಥಲ್ ಬಟ್ಟೆಸಮೇತ ನೀರಿಗಿಳಿದು ಇಬ್ಬರನ್ನೂ ಧಕ್ಕೆಯ ಮೆಟ್ಟಿಲಿಗೆ ಹತ್ತಿಸಿದ. ಅವನ ಬಾಯಲ್ಲಿ ತಮಾಷೆ ಉಳಿದಿರಲಿಲ್ಲ.

ಡಿಂಪ್ನಾ ಅಕ್ಕನ ಒದ್ದೆಬಟ್ಟೆ ಕಳಚಿ, ಉಣ್ಣೆಯ ಟೋಪಿ ಹಾಕಿ, ಸಕ್ಕರೆ ಸುರಿದ ಚಹಾ ಗುಟುಕು ಗುಟುಕಾಗಿ ಕುಡಿಸಿದಳು. ನೂಲಾಳ ತುಟಿ ನೀಲಿಗಟ್ಟಿತ್ತು.

"ಡಿಂಪಿ, ಬಂಡೆ ದಾಟ್ಬಿಟ್ಟಿದ್ನಾ?"

"ಇಲ್ಲಪ್ಪ."

"ಸುಳ್ಳುಬುರುಕಿ. ಸುಳ್ಳು ಹೇಳೋವಾಗ ಮೂಗು ಉಜ್ಕೊಳ್ಳೋದು ಇನ್ನೂ ಬಿಟ್ಟಿಲ್ವಲ್ಲೇ." ನಡುಗುತ್ತಲೇ ನಕ್ಕಳು. "ತುಂಬಾ ಚೆನ್ನಾಗಿತ್ತು ಕಣೇ. ತಿರುಗ್ಬೇಕು ಅನ್ನೋದೇ ಹೊಳೀಲಿಲ್ಲ. ನಾಳೆಯಿಂದ ಕರ್ಕೊಂಡ್ ಬರ್ಬೇಡ."

"ಗುಂಡಿನವರೆಗೆ ಮಾತ್ರ ಹೋಗೋಣ ಅಕ್ಕ."

"ಅಷ್ಟಕ್ಕೆ ನಾನು ನಿಂಗೆ ಸಿಗಲ್ಲ. ಅದಕ್ಕೇ ಅಲ್ವಾ ನೀನು ಬಂಡೆವರೆಗೂ ಎಳ್ಕೊಂಡು ಹೋಗಿದ್ದು?"

ಡಿಂಪ್ನಾ ಚಹಾದ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಮುಚ್ಚಿದಳು. ಅಕ್ಕನನ್ನು ಕಾರಿನಲ್ಲಿ ಕೂರಿಸಿ, ಇಬ್ಬರ ಈಜುಡುಗೆಗಳನ್ನೂ ಹಿಂಡಿ ಹಿಂದೆ ಹಾಕಿದಳು. ಕಾರಿನೊಳಗೆ ಕೂರಲು ತನ್ನ ಬದಿಯ ಬಾಗಿಲು ತೆಗೆದಾಗ ನೂಲಾ ತಿರುಗಿ ನೋಡಿದಳು, ಅಪರಿಚಿತರನ್ನು ನೋಡುವ ಮರ್ಯಾದೆಯಿಂದ.

"ಬೇಗ ಹೊರಡೀಮ್ಮ. ನನ್ನ ತಂಗಿ ಕಡಲ ಹತ್ರ ಕಾಯ್ತಿರ್ತಾಳೆ."

ಡಿಂಪ್ನಾ ಕಾರನ್ನು ಊರಿನ ಕಡೆಗೆ ತಿರುಗಿಸಿದಳು. ದಾರಿಯುದ್ದಕ್ಕೂ ನೂಲಾ ಕಿಟಕಿಯ ಗಾಜು ಬಡಿಯುತ್ತಲೇ ಇದ್ದಳು.